ವಯಸ್ಸಾದ ಬ್ಯಾಟರಿ

ನಮ್ಮ ಕಚೇರಿಯಲ್ಲಿ ಯಾರ ವಯಸ್ಸನ್ನೂ ಮುಖ ನೋಡಿ ಹೇಳುವ ಪದ್ಧತಿಯಿಲ್ಲ. ಸೇವಾ ಪುಸ್ತಕದಲ್ಲಿ ಬರೆದದ್ದೇ ವಯಸ್ಸು. ವಿದ್ಯುತ್ ಕಾರಿನ ಬ್ಯಾಟರಿಗೂ ಇಂಥದೊಂದು ಪುಸ್ತಕವಿರಬಾರದೆ ಎಂದು ಈಚೆಗೆ ಹಲವು ಸಲ ಅನ್ನಿಸಿದೆ. ಇಲ್ಲಿ ಪುಣೆಯಲ್ಲೇ ಇರುವ ನಮ್ಮ ಭಾವನವರು 2020ರಲ್ಲಿ ಕೊಂಡ ತಮ್ಮ ಕಾರನ್ನು ನನಗೆ ಮಾರುವುದಾಗಿ ಹೇಳಿದ್ದಾರೆ. ಮಂಡಿನೋವಿನ ಅಮ್ಮನನ್ನು ದಾವಣಗೆರೆಯ ಬಸ್ಸು ಹತ್ತಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಇತ್ತ ಭವಿಷ್ಯನಿಧಿಯಿಂದ ತೆಗೆಯಬೇಕಾದ ಹಣವೂ ಸಣ್ಣದಲ್ಲ.

“ನೋಡಯ್ಯ, ಸಿಗ್ನಲ್ ಬಿಟ್ಟೊಡನೆ ಇಂದಿಗೂ ಹೇಗೆ ಚಿಮ್ಮುತ್ತದೆ!” ಎಂದರು ಭಾವ. ಚಿಮ್ಮುವುದು ನಿಜ, ಆದರೆ ಅದು ಸಾಕ್ಷಿಯಾಗದು. ಹೊರಡುವ ಕ್ಷಣದಲ್ಲಿ ವೇಗ ಕಡಿಮೆಯಾದ್ದರಿಂದ ಮೋಟಾರು ಬ್ಯಾಟರಿಯಿಂದ ಕೇಳುವ ಶಕ್ತಿಯೂ ಕಡಿಮೆ. ಓಡುತ್ತಿರುವಾಗ ಲಾರಿಯೊಂದನ್ನು ಹಿಂದೆ ಹಾಕಬೇಕು, ಇಲ್ಲವೆ ಜನ ತುಂಬಿಕೊಂಡು ಘಾಟು ಏರಬೇಕು. ಪರೀಕ್ಷೆ ಇರುವುದು ಅಲ್ಲಿ.

ಲಿಥಿಯಂ ಬ್ಯಾಟರಿಗೆ ಮುಪ್ಪು ಎರಡು ಬಗೆಯಲ್ಲಿ ಬರುತ್ತದೆ. ಕೊಡ ಚಿಕ್ಕದಾಗುತ್ತದೆ, ಅಂದರೆ ಹಿಡಿಯುವ ವಿದ್ಯುತ್ತು ತಗ್ಗಿ ಓಡುವ ದೂರ ಕುಗ್ಗುತ್ತದೆ. ಅದರ ಜೊತೆಗೆ ಕೊಡದ ಬಾಯಿಯೂ ಕಿರಿದಾಗುತ್ತದೆ. ಒಳಗಿನ ಗ್ರಾಫೈಟಿನ ಮೇಲೆ ವರ್ಷವರ್ಷಕ್ಕೂ ಒಂದು ಪೊರೆ ದಪ್ಪವಾಗುತ್ತ ಲಿಥಿಯಮನ್ನೂ ನುಂಗುತ್ತದೆ, ವಿದ್ಯುತ್ತಿಗೆ ಒಳರೋಧವನ್ನೂ ಹೆಚ್ಚಿಸುತ್ತದೆ. ಬಿಸಿಯೂ, ಸದಾ ಪೂರ್ತಿ ತುಂಬಿಸಿ ನಿಲ್ಲಿಸುವ ಅಭ್ಯಾಸವೂ ಇದನ್ನು ಬೇಗಗೊಳಿಸುತ್ತವೆ. 2001ರಲ್ಲಿ ಬಂದ ಬೆಂಗಳೂರಿನ ರೇವಾ ಕಾರಿನ ಸೀಸದ ಬ್ಯಾಟರಿಗಳನ್ನು ಕೆಲವೇ ವರ್ಷಗಳಲ್ಲಿ ಬದಲಿಸಬೇಕಾಗುತ್ತಿತ್ತು. ಲಿಥಿಯಂ ಅಷ್ಟು ಬೇಗ ಸೊರಗದು, ಆದರೆ ಸೊರಗಿದ್ದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಭಾವನವರು ತೋರಿಸಿದ ಕಾಗದದಲ್ಲಿ ಆರೋಗ್ಯ ಶೇಕಡ 88 ಎಂದಿತ್ತು. ಅದು ಕೊಡದ ಅಳತೆ. ಬಾಯಿಯ ಅಳತೆ ಅದರಲ್ಲಿರಲಿಲ್ಲ.

ಗುಮಾಸ್ತನಿಗೆ ಲೆಕ್ಕ ಹಾಕದೆ ನಿದ್ದೆ ಬಾರದು. ಚಾರ್ಜು ಇಳಿದ ಬ್ಯಾಟರಿಯಲ್ಲಿ 300 ವೋಲ್ಟ್ ಇದೆಯೆಂದುಕೊಳ್ಳಿ. 265ಕ್ಕಿಂತ ಕೆಳಗೆ ಹೋಗಲು ಅದರ ನಿಯಂತ್ರಕ ಬಿಡದು. ಹೊಸದಾಗಿದ್ದಾಗ ಒಳರೋಧ 0.1 ಓಮ್ ಇದ್ದರೆ, 200 ಆಂಪಿಯರ್ ಎಳೆದಾಗ 20 ವೋಲ್ಟ್ ಕುಸಿದು 280 ಉಳಿಯುತ್ತದೆ. ಸಿಗುವುದು 56 ಕಿಲೋವ್ಯಾಟ್. ಮುಪ್ಪಿನಿಂದ ರೋಧ ಇಮ್ಮಡಿಸಿದರೆ 175 ಆಂಪಿಯರಿಗೇ 265 ಮುಟ್ಟಿತು. ಸಿಗುವುದು 46 ಮಾತ್ರ. ಘಾಟಿನ ನಡುವೆ ಹತ್ತು ಕಿಲೋವ್ಯಾಟ್ ಕಡಿಮೆಯೆಂದರೆ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ. ಪೂರ್ತಿ ತುಂಬಿದ್ದಾಗ ವೋಲ್ಟೇಜು ಎತ್ತರದಲ್ಲಿರುವುದರಿಂದ ಇದೇ ಬ್ಯಾಟರಿ ಗುಟ್ಟು ಬಿಟ್ಟುಕೊಡುವುದಿಲ್ಲ. ಚಳಿಯಲ್ಲಿ ರೋಧ ಇನ್ನೂ ಏರುತ್ತದೆ. ದಿಲ್ಲಿಯ ಬಂಧುಗಳು ಜನವರಿಯ ಬೆಳಗಿನಲ್ಲಿ ಇದನ್ನು ಗಮನಿಸಬಹುದು.

ಆದ್ದರಿಂದ ಭಾವನವರ ಮುಂದೆ ಷರತ್ತು ಇಟ್ಟಿದ್ದೇನೆ: ಚಾರ್ಜು ಶೇಕಡ 20ಕ್ಕೆ ಇಳಿದಿರಬೇಕು, ಐವರು ಕುಳಿತಿರಬೇಕು, ನಸುಕಿನ ತಂಪಿನಲ್ಲಿ ಕಾತ್ರಜ್ ಘಾಟು ಏರಬೇಕು. ಬೆಲೆಯ ಮಾತು ಆಮೇಲೆ.

“ಹೆಣ್ಣು ನೋಡಲು ಹೋದಾಗಲೂ ನೀನು ಇಷ್ಟು ಷರತ್ತು ಹಾಕಿರಲಿಲ್ಲವಲ್ಲಯ್ಯ!” ಎಂದು ಭಾವ ನಕ್ಕರು. ಅಕ್ಕ ನಗಲಿಲ್ಲ. ಬರುವ ಭಾನುವಾರ ಹೋಗುವುದೆಂದಾಗಿದೆ. ಮುಂದಿನ ಸೀಟು ತನಗೇ ಎಂದು ಅಮ್ಮ ಆಗಲೇ ಹೇಳಿಟ್ಟಿದ್ದಾಳೆ.