ಒಂದು ಪ್ರತ್ಯಯದ ಬೆಲೆ

ವ್ಯಾಕರಣವೆಂದರೆ ಪರೀಕ್ಷೆ ಮುಗಿದೊಡನೆ ಮರೆತುಬಿಡುವ ಪಾಠವೆಂದು ಭಾವಿಸಿದ್ದೀರಾ ಸಹೋದರಿಯರೇ? ಹಾಗಾದರೆ ನೆರೆಮನೆಯ ವಿಧವೆಯೊಬ್ಬರು ನನ್ನ ಬಳಿ ತಂದ ಚೀಟಿಯ ವಿಷಯ ಕೇಳಿ. ‘ಹತ್ತು ಸಾವಿರ ರೂಪಾಯಿ ಸಾಲವಾಗಿ ಕೊಡಲಾಗಿದೆ, ಮರಳಿಸತಕ್ಕದ್ದು’ ಎಂದಷ್ಟೇ ಅದರಲ್ಲಿತ್ತು. ಕೆಳಗೆ ಇಬ್ಬರ ಸಹಿ. ಕೊಟ್ಟವರು ಯಾರು, ಪಡೆದವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ! ಕೊಟ್ಟವರು ಈಕೆ. ಪಡೆದವರು ಈಗ ಬೇರೆಯೇ ಮಾತಾಡುತ್ತಿದ್ದರು. ‘ನಾನು ಇಂಥವರಿಂದ ಪಡೆದಿದ್ದೇನೆ’ ಎಂದು ಬರೆಸಿಕೊಂಡಿದ್ದರೆ ಆ ‘ಇಂದ’ ಎಂಬ ಪ್ರತ್ಯಯವೇ ಈಕೆಯ ಪರವಾಗಿ ಸಾಕ್ಷಿ ನುಡಿಯುತ್ತಿತ್ತು.

ಮದ್ರಸಗಳಲ್ಲಿ ನಹ್ವ್ ಕಲಿಯುವಾಗ ಝೈದ್ ಮತ್ತು ಅಮ್ರ್‌ರ ಉದಾಹರಣೆ ಬರುತ್ತದೆ. ವಾಕ್ಯದಲ್ಲಿ ‘ಝೈದುನ್’ ಎಂದಿದ್ದರೆ ಆತ ಹೊಡೆದವನು. ‘ಝೈದನ್’ ಎಂದಿದ್ದರೆ ಪೆಟ್ಟು ತಿಂದವನು. ಒಂದು ಸ್ವರ ಬದಲಾದರೆ ಅಪರಾಧಿಯೇ ಬದಲಾಗುತ್ತಾನೆ. ಕನ್ನಡದಲ್ಲಿ ಈ ಕೆಲಸ ವಿಭಕ್ತಿ ಪ್ರತ್ಯಯಗಳದ್ದು. ಕೇಶಿರಾಜನು 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಅವುಗಳ ನಿಯಮಗಳನ್ನು ಬರೆದಿಟ್ಟಿದ್ದಾನೆ.

ಮಗುವಿನ ರಜಾ ಅರ್ಜಿಯಿರಲಿ, ನೌಕರಿಯ ಅರ್ಜಿಯಿರಲಿ, ಬರೆದ ಮೇಲೆ ಒಮ್ಮೆ ಓದಿ ನೋಡಿ. ಯಾರು, ಯಾರಿಗೆ, ಏನನ್ನು, ಯಾವಾಗ? ಉತ್ತರ ಕಾಗದದಲ್ಲೇ ಸಿಗಬೇಕು. ಏಕೆಂದರೆ ಕಾಗದ ಹೋದಲ್ಲಿಗೆಲ್ಲ ನೀವೂ ಹೋಗಿ ವಿವರಿಸಲು ಸಾಧ್ಯವಿಲ್ಲ.