ಮುಸಾಫಿರನ ದೊಡ್ಡಾಟ

ಹಮೀದ್ ಇಸ್ಮಾಯಿಲೋವ್ ಅವರನ್ನು ನಾನು ಓದತೊಡಗಿದ್ದು ಒಂದು ತಕರಾರಿನಿಂದ. ಊರು ಬಿಟ್ಟು ಹೋದ ಲೇಖಕರ ಬಗ್ಗೆ ಬರೆಯುವಾಗ ನಾವೆಲ್ಲ ಒಂದೇ ಶ್ರುತಿ ಹಿಡಿಯುತ್ತೇವೆ. ಅಮ್ಮನ ಕೈಯಡುಗೆ, ಮೊದಲ ಮಳೆ, ಬಿಟ್ಟುಬಂದ ಮನೆಯ ಜಗಲಿ. ಪರದೇಶದಲ್ಲಿ ಕೂತು ಬರೆಯುವವರಿಗೆ ಹಂಬಲವೇ ದೊಡ್ಡ ಕಷ್ಟ ಎಂದು ನಂಬಿಬಿಟ್ಟಿದ್ದೇವೆ. ಲಂಡನ್ನಿನಲ್ಲಿ ಕೂತು ಉಜ್ಬೆಕ್ ಭಾಷೆಯಲ್ಲಿ ಕಾದಂಬರಿ ಬರೆಯುವ ಈ ಮನುಷ್ಯನನ್ನು ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಹಂಬಲಕ್ಕೆ ಎರಡನೆಯ ಜಾಗ ಕೊಡಬೇಕು ಎಂದು. ಬರೆದದ್ದು ಯಾರ ಕೈಗೆ ಸೇರುತ್ತದೆ, ಯಾರ ಕೈಗೆ ಸೇರುವುದೇ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸಂಗತಿ.

ಇಸ್ಮಾಯಿಲೋವ್ ಹುಟ್ಟಿದ್ದು 1954ರಲ್ಲಿ, ತೊಕ್ಮೊಕ್ ಎಂಬ ಊರಿನಲ್ಲಿ. ಅದು ಇವತ್ತಿನ ಕಿರ್ಗಿಸ್ತಾನದಲ್ಲಿದೆ. ಅಂದರೆ ಉಜ್ಬೆಕ್ ಸಾಹಿತ್ಯದ ದೊಡ್ಡ ಹೆಸರೊಂದು ಉಜ್ಬೆಕಿಸ್ತಾನದ ಗಡಿಯ ಆಚೆಯೇ ಕಣ್ಣುಬಿಟ್ಟಿತು. 1992ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ತುಂಬುತ್ತಿದ್ದ ಹಾಗೆ, ಅಲ್ಲಿನ ಸರ್ಕಾರಕ್ಕೆ ಇವರ ಪ್ರಜಾಪ್ರಭುತ್ವದ ಮಾತು ಸಹಿಸಲಾಗದೆ ಇವರು ಜಾಗ ಖಾಲಿ ಮಾಡಬೇಕಾಯಿತು. 1994ರಿಂದ 2019ರವರೆಗೆ ಬಿಬಿಸಿಯ ವಿಶ್ವಸೇವೆಯಲ್ಲಿ ಕೆಲಸ ಮಾಡಿದರು. 2010ರಲ್ಲಿ ಅದೇ ಸಂಸ್ಥೆ ಅವರನ್ನು ತನ್ನ ನಿವಾಸಿ ಲೇಖಕರನ್ನಾಗಿ ಮಾಡಿಕೊಂಡಿತು. ಊರಿನಲ್ಲಿ ಮಾತ್ರ ಅವರ ಪುಸ್ತಕಗಳಿಗೆ ನಿಷೇಧ.

ತಮಾಷೆಯೆಂದರೆ, ಉಜ್ಬೆಕ್ ಸಾಹಿತ್ಯದಲ್ಲಿ ಹೊರಗಿರುವುದು ಹೊಸ ಸಂಗತಿಯೇನಲ್ಲ. ಆ ಭಾಷೆಯ ಪಿತಾಮಹ ಎಂದು ಕರೆಸಿಕೊಳ್ಳುವ ಅಲೀಶೇರ್ ನವಾಯಿ 1441ರಲ್ಲಿ ಹುಟ್ಟಿದ್ದೂ 1501ರಲ್ಲಿ ತೀರಿಕೊಂಡದ್ದೂ ಹೆರಾತಿನಲ್ಲಿ. ಅದು ಈಗಿನ ಅಫ್ಘಾನಿಸ್ತಾನ. ಇನ್ನೊಬ್ಬರು ನಮಗೆ ಚೆನ್ನಾಗಿ ಗೊತ್ತಿರುವವರೇ. ಅಂದಿಜಾನಿನಲ್ಲಿ ಹುಟ್ಟಿ ಆಗ್ರಾದಲ್ಲಿ ಸತ್ತ ಬಾಬರ್. ಇತಿಹಾಸದ ಪಾಠದಲ್ಲಿ ನಾವು ಅವನನ್ನು ಪಾಣಿಪತ್ತಿನ ಜೊತೆಗೆ ಕಲಿತೆವು. ತಾಷ್ಕೆಂಟಿನ ಮಕ್ಕಳು ಅವನನ್ನು ಕವಿ ಎಂದು, ಗದ್ಯಕಾರ ಎಂದು ಓದುತ್ತಾರೆ. ಹಿಂದೂಸ್ತಾನವನ್ನು ಗೆದ್ದ ಮೇಲೂ ಅವನು ತನ್ನ ಆತ್ಮಕಥೆಯನ್ನು ಬರೆದುಕೊಂಡದ್ದು ತನ್ನ ತುರ್ಕಿ ಭಾಷೆಯಲ್ಲೇ. ಒಮ್ಮೆ ಯಾರೋ ತಂದುಕೊಟ್ಟ ಖರಬೂಜವನ್ನು ಕತ್ತರಿಸಿ ತಿನ್ನುತ್ತಾ ಅತ್ತುಬಿಟ್ಟೆ ಎಂದು ಗೆಳೆಯನಿಗೆ ಕಾಗದ ಬರೆದ. ಹಂಬಲದ ಪ್ರಕರಣ ಬೇಕೇ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಆದರೆ ಇದೇ ಬಾಬರನಿಗೆ ಉಜ್ಬೆಕರೆಂದರೆ ಆಗುತ್ತಿರಲಿಲ್ಲ. ಅವನನ್ನು ಸಮರ್‌ಖಂದದಿಂದ ಓಡಿಸಿದ್ದೇ ಉಜ್ಬೆಕರ ಶೈಬಾನಿ ಖಾನ್. ಆ ಹೆಸರಿನ ದೇಶವೇ ಮುಂದೊಂದು ದಿನ ತನ್ನನ್ನು ರಾಷ್ಟ್ರೀಯ ಲೇಖಕನೆಂದು ಮೆರೆಸುತ್ತದೆ ಎಂದು ಹೇಳಿದ್ದರೆ ಅವನು ಕತ್ತಿ ಹಿರಿಯುತ್ತಿದ್ದನೇನೋ! ಸಾಂಸ್ಕೃತಿಕ ಅಸ್ಮಿತೆ ಎಂದು ನಾವು ಗಂಭೀರವಾಗಿ ಹೇಳುವ ವಸ್ತು ಬಹಳ ಸಲ ಸತ್ತ ಮೇಲೆ ಅಂಟಿಸಿದ ಚೀಟಿ. ಭಾಷೆ ಮಾತ್ರ ಬದುಕಿದ್ದಾಗ ಇದ್ದದ್ದು.

ಆದರೆ ಆ ಭಾಷೆಗೂ ಕಳೆದ ನೂರು ವರ್ಷಗಳಲ್ಲಿ ಬಂದ ಗತಿ ಸಣ್ಣದಲ್ಲ. ನವಾಯಿ, ಬಾಬರ್ ಬರೆದದ್ದು ಅರಬ್ಬೀ ಲಿಪಿಯಲ್ಲಿ. 1920ರ ದಶಕದ ಕೊನೆಯ ಹೊತ್ತಿಗೆ ಸೋವಿಯತ್ ಆಡಳಿತ ಅದನ್ನು ತೆಗೆದು ಲ್ಯಾಟಿನ್ ಲಿಪಿ ತಂದಿತು. ಹತ್ತು ಹನ್ನೆರಡು ವರ್ಷ ಕಳೆಯಿತೋ ಇಲ್ಲವೋ, 1940ರಲ್ಲಿ ಅದೂ ಹೋಗಿ ರಷ್ಯನ್ನಿನ ಸಿರಿಲಿಕ್ ಬಂತು. ಸ್ವಾತಂತ್ರ್ಯದ ನಂತರ, 1993ರಲ್ಲಿ, ಮತ್ತೆ ಲ್ಯಾಟಿನ್ ಎಂದು ಕಾನೂನಾಯಿತು. ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಓದಲಾರ. ಅಪ್ಪ ಓದಿದ ಪುಸ್ತಕವನ್ನು ಮಗಳು ತಡವರಿಸಿಕೊಂಡು ಓದಬೇಕು. ಆಡುವ ಮಾತು ಅದೇ, ಮನೆಯೊಳಗಿನ ಜಗಳ, ಜೋಗುಳ ಎಲ್ಲ ಅದರಲ್ಲೇ. ಕಪಾಟಿನಲ್ಲಿರುವುದು ಮಾತ್ರ ಬೇರೆಯವರದು.

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಊರು ಬಿಟ್ಟು ಹೊರದೇಶದಲ್ಲಿ ನೆಲೆಸಿ ಹನ್ನೆರಡು ವರ್ಷವಾಯಿತು. ನನ್ನ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಅಜ್ಜಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾಳೆ. ಅಜ್ಜಿ ಹುಟ್ಟುಹಬ್ಬಕ್ಕೆ ಕಳಿಸುವ ಎರಡು ಪುಟದ ಕಾಗದವನ್ನು ಮಾತ್ರ ನಾನು ಓದಿ ಹೇಳಬೇಕು. ಒಂದು ಸಲ ಅವಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಷ್ಟು ದುಂಡಗಿದೆ ಅಲ್ವಾಪ್ಪ" ಎಂದಳು. ಅಕ್ಷರ ಅವಳಿಗೆ ಚಿತ್ರ. ಉಜ್ಬೆಕರ ಮನೆಗಳಲ್ಲಿ ಇದಾಗಲು ಸರ್ಕಾರದ ಆಜ್ಞೆ ಬೇಕಾಯಿತು. ನಮ್ಮ ಮನೆಗೆ ಯಾವ ಆಜ್ಞೆಯೂ ಬಂದಿರಲಿಲ್ಲ.

ನನ್ನ ತಲೆಮಾರಿನವರಿಗೆ ಉಜ್ಬೆಕಿಸ್ತಾನ ಎಂದರೆ ಬಹುಪಾಲು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಬಣ್ಣದ ಪುಟ. ಹತ್ತಿಯ ರಾಶಿಯ ಮುಂದೆ ನಗುತ್ತಾ ನಿಂತ ಹೆಂಗಸರು. ಆ ನುಣುಪು ಕಾಗದದಿಂದ ನಾವು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಳ್ಳುತ್ತಿದ್ದೆವು. ರಷ್ಯನ್ ಕಾದಂಬರಿಗಳು ಅಗ್ಗದ ಬೆಲೆಗೆ ಕನ್ನಡದಲ್ಲೇ ಸಿಗುತ್ತಿದ್ದ ಕಾಲ ಅದು. ಆ ಹೆಂಗಸರ ಭಾಷೆಯಲ್ಲಿ ಮೊದಲ ಕಾದಂಬರಿ ಬರೆದ ಮನುಷ್ಯನನ್ನು ಗುಂಡಿಟ್ಟು ಕೊಂದಿದ್ದರು ಎಂಬುದನ್ನು ಆ ಪುಟಗಳಲ್ಲಿ ಓದಿದ ನೆನಪು ನನಗಿಲ್ಲ.

ಆತನ ಹೆಸರು ಅಬ್ದುಲ್ಲಾ ಕಾದಿರಿ. 1894ರಲ್ಲಿ ತಾಷ್ಕೆಂಟಿನಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ಬಂದ ಅವರ 'ಕಳೆದ ದಿನಗಳು' ಉಜ್ಬೆಕ್ಕಿನ ಮೊದಲ ಕಾದಂಬರಿ. 1937ರ ಡಿಸೆಂಬರ್ 31ರಂದು ಅವರನ್ನು ಬಂಧಿಸಿದರು. 1938ರ ಅಕ್ಟೋಬರ್ 4ರಂದು ಕೊಂದರು. ಅದೇ ದಿನ ಕವಿ ಚೋಲ್ಪಾನ್ ಅವರನ್ನೂ ವಿದ್ವಾಂಸ ಫಿತ್ರತ್ ಅವರನ್ನೂ ಮುಗಿಸಿದರು. ಒಂದು ಭಾಷೆಯ ಆಧುನಿಕ ಸಾಹಿತ್ಯದ ತಲೆಗಳನ್ನೆಲ್ಲ ಒಂದೇ ದಿನಕ್ಕೆ ತೆಗೆದುಹಾಕಿದಂತೆ. ಕಾದಿರಿ ಬರೆಯುತ್ತಿದ್ದ ಹಸ್ತಪ್ರತಿಯೂ ಅವರ ಜೊತೆಗೇ ಹೋಯಿತು.

ಇಸ್ಮಾಯಿಲೋವ್ ಲಂಡನ್ನಿನಲ್ಲಿ ಕೂತು ಬರೆದದ್ದು ಆ ಕಳೆದುಹೋದ ಪುಸ್ತಕವನ್ನು. ಇಂಗ್ಲಿಷಿನಲ್ಲಿ 'ದಿ ಡೆವಿಲ್ಸ್ ಡಾನ್ಸ್' ಎಂದು ಬಂದಿರುವ ಕಾದಂಬರಿಯಲ್ಲಿ ಕಾದಿರಿ ಜೈಲಿನಲ್ಲಿದ್ದಾರೆ. ಕಾಗದವಿಲ್ಲ, ಲೇಖನಿಯಿಲ್ಲ. ಹೊಡೆತ ತಿಂದು ಬಂದು ನೆಲದ ಮೇಲೆ ಬಿದ್ದುಕೊಂಡಾಗ ಅರ್ಧಕ್ಕೆ ನಿಂತ ತಮ್ಮ ಕಾದಂಬರಿಯನ್ನು ತಲೆಯೊಳಗೇ ಮುಂದುವರಿಸುತ್ತಾರೆ. ಅದು ಹತ್ತೊಂಬತ್ತನೆಯ ಶತಮಾನದ ಕೊಕಂದ್, ಬುಖಾರಾಗಳ ಕಥೆ. ಒಬ್ಬರಾದ ಮೇಲೊಬ್ಬರು ಮೂವರು ದೊರೆಗಳ ಹೆಂಡತಿಯಾಗಬೇಕಾದ ಓಯ್‌ಖಾನ್, 1842ರಲ್ಲಿ ಬುಖಾರಾದ ಅಮೀರ ಕೊಲ್ಲಿಸಿದ ಕವಯಿತ್ರಿ ರಾಣಿ ನಾದಿರಾ, ಅದೇ ವರ್ಷ ಅದೇ ಅಮೀರನ ಕೈಯಲ್ಲಿ ತಲೆ ಕಳೆದುಕೊಂಡ ಇಬ್ಬರು ಬ್ರಿಟಿಷ್ ಅಧಿಕಾರಿಗಳು. ಸೆರೆಮನೆಯ ಇವತ್ತು, ಅರಮನೆಯ ಅಂದು ಒಂದರೊಳಗೊಂದು ಬೆರೆಯುತ್ತಾ ಹೋಗುತ್ತವೆ. ಓಯ್‌ಖಾನಳ ಸೆರೆ ಯಾವುದು, ಕಾದಿರಿಯ ಸೆರೆ ಯಾವುದು ಎಂದು ಕೆಲವು ಕಡೆ ಒಂದು ಕ್ಷಣ ತಡೆದು ಯೋಚಿಸಬೇಕಾಗುತ್ತದೆ. ಬರೆಯಲು ಬಿಡದ ಕೋಣೆಯಲ್ಲಿ ಒಬ್ಬ ಲೇಖಕ ಹೇಗೆ ಬರೆಯುತ್ತಾನೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಕಾದಂಬರಿಯನ್ನು ನಾನು ಬೇರೆ ಓದಿಲ್ಲ. ಹೆಸರುಗಳ ದಟ್ಟಣೆಯಿಂದ ಮೊದಲ ನೂರು ಪುಟ ತುಸು ಆಯಾಸ ಮಾಡುತ್ತದೆ ಎನ್ನುವುದನ್ನೂ ಹೇಳಬೇಕು. ಒಂದು ಚೀಟಿಯಲ್ಲಿ ವಂಶವೃಕ್ಷ ಬರೆದಿಟ್ಟುಕೊಂಡು ಓದಿದೆ.

ಈಗ ವೃತ್ತಿಜೀವನದ ವಿಷಯ. ಇಸ್ಮಾಯಿಲೋವ್ ಉಜ್ಬೆಕ್, ರಷ್ಯನ್ ಎರಡರಲ್ಲೂ ಬರೆಯುತ್ತಾರೆ. ಇಂಗ್ಲಿಷಿಗೆ ಮೊದಲು ಬಂದವು ರಷ್ಯನ್ನಿನಲ್ಲಿ ಬರೆದವು. 2006ರಲ್ಲಿ ರಾಬರ್ಟ್ ಚಾಂಡ್ಲರ್ ಅನುವಾದದ 'ದಿ ರೈಲ್ವೇ'. 2014ರಲ್ಲಿ 'ದಿ ಡೆಡ್ ಲೇಕ್', ಕಜಾಕಿಸ್ತಾನದ ಅಣುಬಾಂಬ್ ಪರೀಕ್ಷೆಯ ಬಯಲಿನಲ್ಲಿ ವಿಷದ ಕೆರೆಗಿಳಿದು ಬೆಳವಣಿಗೆ ನಿಂತುಹೋದ ಹುಡುಗನ ಪುಟ್ಟ ಕಥೆ. ಉಜ್ಬೆಕ್ಕಿನಲ್ಲೇ ಬರೆದ 'ದಿ ಡೆವಿಲ್ಸ್ ಡಾನ್ಸ್' ಬರಲು 2018 ಆಗಬೇಕಾಯಿತು. ಅವರು ತಾಷ್ಕೆಂಟ್ ಬಿಟ್ಟು ಆಗ 26 ವರ್ಷ. ಕಾರಣ ಸರಳ. ರಷ್ಯನ್ನಿನಿಂದ ಅನುವಾದಿಸುವವರು ಲಂಡನ್ನಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಉಜ್ಬೆಕ್ಕಿನಿಂದ ಮಾಡುವವರು ಬೆರಳೆಣಿಕೆಯವರು. ಕೊನೆಗೆ ಕೈಗೆತ್ತಿಕೊಂಡವರು ಡೊನಾಲ್ಡ್ ರೇಫೀಲ್ಡ್, ರಷ್ಯನ್ ಮತ್ತು ಜಾರ್ಜಿಯನ್ ಸಾಹಿತ್ಯದ ವಿದ್ವಾಂಸರು. ಒಳಗಿನ ಪದ್ಯಗಳನ್ನು ಜಾನ್ ಫಾರ್ನ್‌ಡನ್ ಮಾಡಿದರು. 2019ರಲ್ಲಿ ಪುಸ್ತಕಕ್ಕೆ ಇಬಿಆರ್‌ಡಿ ಸಾಹಿತ್ಯ ಬಹುಮಾನ ಬಂತು, ಬಹುಮಾನದ ಹಣದಲ್ಲಿ ಅನುವಾದಕರಿಗೂ ಪಾಲು. ಇಷ್ಟನ್ನು ಏಕೆ ಹೇಳುತ್ತಿದ್ದೇನೆಂದರೆ, ಪರದೇಶದಲ್ಲಿ ಒಬ್ಬ ಲೇಖಕನ ಹೆಸರು ಬೆಳೆಯುವ ಕ್ರಮಕ್ಕೂ ಅವನು ಬರೆದ ಕ್ರಮಕ್ಕೂ ಸಂಬಂಧವಿರಬೇಕಿಲ್ಲ. ಅಳುವ ಸಾಮ್ರಾಜ್ಯದ ಭಾಷೆ ಇಲ್ಲೂ ಮುಂದಿನ ಸಾಲಿನಲ್ಲೇ ಕೂತಿತ್ತು. ಯಾವ ರಷ್ಯನ್ನಿನ ಆಳ್ವಿಕೆ ಕಾದಿರಿಯನ್ನು ಕೊಂದಿತೋ ಅದೇ ರಷ್ಯನ್ ಇಸ್ಮಾಯಿಲೋವ್ ಅವರಿಗೆ ಹೊರಗಿನ ಬಾಗಿಲು ತೆರೆಯಿತು. ಅವರು ಅದನ್ನು ದ್ವೇಷಿಸಲಿಲ್ಲ, ಅದರಲ್ಲಿ ಒಳ್ಳೆಯ ಕಾದಂಬರಿಗಳನ್ನೇ ಬರೆದರು. ಜೊತೆಗೆ ಉಜ್ಬೆಕ್ಕನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅಚ್ಚು ಹಾಕುವಂತಿಲ್ಲದ ಊರಿಗೆ ಅವರು ಆ ಉಜ್ಬೆಕ್ ಕಾದಂಬರಿಯನ್ನು ಮುಟ್ಟಿಸಿದ್ದು ಫೇಸ್‌ಬುಕ್ಕಿನಲ್ಲಿ. ಹೌದು, ನಾವು ಮದುವೆ ಫೋಟೋ ಹಾಕುವ ಜಾಗದಲ್ಲಿ. ಯಾರು ಓದಿದರು, ಎಷ್ಟು ಮಂದಿ ಓದಿಯೂ ಮೆಚ್ಚುಗೆಯ ಗುರುತು ಒತ್ತಲು ಹೆದರಿದರು ಎಂದು ಲೆಕ್ಕವಿಡುವುದು ಹೇಗೆ? ಅಧ್ಯಕ್ಷ ಕರೀಮೋವ್ 2016ರಲ್ಲಿ ತೀರಿಕೊಂಡ ಮೇಲೆ ಗಾಳಿ ಬದಲಾಗುತ್ತದೆ ಎಂದು ಎಲ್ಲರೂ ಅಂದರು. 2017ರಲ್ಲಿ ಇಸ್ಮಾಯಿಲೋವ್ ಹೋಗಿ ನೋಡಿದರು. ತಾಷ್ಕೆಂಟಿನ ವಿಮಾನ ನಿಲ್ದಾಣದಲ್ಲೇ ತಡೆದು ವಾಪಸು ಕಳಿಸಿದರು.

ನನಗೆ ಇಂಥದ್ದೇನೂ ಆಗಿಲ್ಲ. ರಜೆ ಸಿಕ್ಕಿದರೆ, ಟಿಕೆಟ್ಟಿನ ದರ ಇಳಿದರೆ, ನಾನು ಕೆಂಪೇಗೌಡ ನಿಲ್ದಾಣದಲ್ಲಿ ಇಳಿದು ಸೀದಾ ಹೊರಗೆ ಬಂದು ಕಾಫಿ ಕುಡಿಯಬಹುದು. ನಾನು ಕನ್ನಡದಲ್ಲಿ ಬರೆದದ್ದನ್ನು ಯಾರೂ ಓದದಿದ್ದರೆ ಅದಕ್ಕೆ ಸರ್ಕಾರ ಕಾರಣವಲ್ಲ. ಹೊರನಾಡ ಕನ್ನಡಿಗರ ಸಮಾರಂಭಗಳಲ್ಲಿ ನಮ್ಮನ್ನು ನಾವು ದೇಶಭ್ರಷ್ಟರೆಂಬಂತೆ ವರ್ಣಿಸಿಕೊಳ್ಳುವುದನ್ನು ಕೇಳಿದಾಗ ನನಗೆ ಮುಜುಗರವಾಗುವುದು ಇದಕ್ಕೇ. ಸಂಬಳಕ್ಕಾಗಿ ಬಂದವರು ನಾವು. ಅದರಲ್ಲಿ ತಪ್ಪೇನಿಲ್ಲ, ಆದರೆ ಹೆಸರು ಸರಿಯಾಗಿರಲಿ.

ಆ ಹೆಸರು ಉಜ್ಬೆಕ್ಕಿನಲ್ಲಿ ಸಿಗುತ್ತದೆ. ಊರಿನಿಂದ ದೂರ, ಪರರ ನಡುವೆ ಇರುವವರನ್ನು ಅವರು 'ಮುಸಾಫಿರ್' ಎನ್ನುತ್ತಾರೆ. ಹಾಗೆ ಬದುಕುವುದಕ್ಕೆ 'ಮುಸಾಫಿರ್‌ಚಿಲಿಕ್' ಎಂಬ ಪದವಿದೆ. ಹಿಂದಿ ಹಾಡುಗಳಿಂದ, ಹಳೆಯ ಮುಸಾಫಿರಖಾನೆಗಳಿಂದ ಈ ಪದ ನಮಗೂ ಗೊತ್ತು, ಆದರೆ ನಮ್ಮ ಮುಸಾಫಿರ ದಾರಿಯಲ್ಲಿರುವವನು, ನಾಳೆ ಎದ್ದು ಹೊರಡುವವನು. ಅವರ ಮುಸಾಫಿರ ಒಂದೇ ಬಾಡಿಗೆ ಮನೆಯಲ್ಲಿ ಮೂವತ್ತು ವರ್ಷ ಇದ್ದರೂ ಮುಸಾಫಿರನೇ. ದುನಿಯಾ, ಕಿತಾಬು, ಬಜಾರು, ಕಲಮು, ಚಾಯ್ ಕೂಡ ಚೂರು ಉಚ್ಚಾರ ಬದಲಾಗಿ ಅಲ್ಲಿವೆ. ಉಜ್ಬೆಕ್ ಮಾತಿನ ಧ್ವನಿಮುದ್ರಣ ಕೇಳುವಾಗ ಏನೂ ಅರ್ಥವಾಗದ ಪ್ರವಾಹದಲ್ಲಿ ಇವು ಪರಿಚಿತ ಮುಖಗಳ ಹಾಗೆ ತೇಲಿ ಬರುತ್ತವೆ.

ಇನ್ನೊಂದು ಸಂಗತಿ ಉಳಿದಿದೆ. 'ದಿ ಡೆವಿಲ್ಸ್ ಡಾನ್ಸ್'ಗೆ ಉಜ್ಬೆಕ್ಕಿನಲ್ಲಿ ಉದ್ದನೆಯ ಜೋಡಿ ಹೆಸರು: 'ಜಿನ್ಲಾರ್ ಬಜ್ಮಿ ಯೋಹುದ್ ಕತ್ತ ಓಯಿನ್'. ಮೊದಲರ್ಧ ಜಿನ್‌ಗಳ ಔತಣಕೂಟ. ಎರಡನೆಯದು ಇಂಗ್ಲಿಷಿನವರ 'ಗ್ರೇಟ್ ಗೇಮ್', ಮಧ್ಯ ಏಷ್ಯಾಕ್ಕಾಗಿ ರಷ್ಯಾ ಮತ್ತು ಬ್ರಿಟನ್ ನಡೆಸಿದ ಪೈಪೋಟಿಗೆ ಇಟ್ಟ ಹೆಸರು. ಆದರೆ ಉಜ್ಬೆಕ್ಕಿನ ಓಯಿನ್ ಎಂದರೆ ಪಂದ್ಯವೂ ಹೌದು, ಕುಣಿತವೂ ಹೌದು. ಇಂಗ್ಲಿಷಿನ ಗೇಮ್ ಅಷ್ಟನ್ನು ಹೊರಲಾರದು. ನಮ್ಮ 'ಆಟ' ಹೊರುತ್ತದೆ. ರಾತ್ರಿಯಿಡೀ ಕುಣಿದು ಕಥೆ ಹೇಳುವುದನ್ನೂ ನಾವು ಆಟವೆಂದೇ ಕರೆಯುತ್ತೇವೆ. ಕತ್ತ ಎಂದರೆ ದೊಡ್ಡದು. ಯಾರಾದರೂ ಈ ಕಾದಂಬರಿಯನ್ನು ಕನ್ನಡಕ್ಕೆ ತರುವುದಾದರೆ ಶೀರ್ಷಿಕೆಯ ಅರ್ಧಕ್ಕೆ ಹುಡುಕಾಡಬೇಕಿಲ್ಲ. ದೊಡ್ಡಾಟ ಎಂದು ಬರೆದರೆ ಸಾಕು.