ಇಪ್ಪತ್ತನೇ ರೇಸ್

ಕ್ಯಾಪ್ಶನ್ ಉದ್ದ ಇದೆ. ಬಸ್ಸಲ್ಲಿ ನಿಂತ್ಕೊಂಡಿದ್ರೆ ಸೇವ್ ಮಾಡಿಟ್ಕೊಂಡು ಆಮೇಲೆ ಓದಿ.

ನಿಮ್ಮಲ್ಲಿ ಕೆಲವರಾದ್ರೂ ಆ ರೀಲ್ ನೋಡಿರ್ತೀರಿ. ಕುದುರೆ ರೇಸ್ ಶುರುವಾಗುತ್ತೆ. ಒಂದು ದೊಡ್ಡ ಹೆಣ್ಣು ಕುದುರೆ ಎಲ್ಲರಿಗಿಂತ ಹಿಂದೆ, ವಾಕಿಂಗ್ ಬಂದವಳ ಥರ. ಕೊನೆಯ ತಿರುವು ಬಂದಾಗ ಸಂದಿ ಸಿಕ್ಕಲ್ಲಿ ನುಗ್ಗಿ, ಗಂಡು ಕುದುರೆಗಳನ್ನೆಲ್ಲ ಹಿಂದೆ ಹಾಕಿ ಗೆದ್ದೇಬಿಡ್ತಾಳೆ. ಹಿಂದೆ ಅಳೋ ಥರದ ಮ್ಯೂಸಿಕ್, ಮೇಲೆ "ಲೇಟಾದ್ರೂ ಗೆಲ್ತೀಯ" ಅಂತ ದಪ್ಪಕ್ಷರ. ಅವಳ ಹೆಸರು ಝೆನ್ಯಾಟಾ.

ನಾನದನ್ನ ಮೊದಲು ನೋಡಿದ್ದು ನಮ್ಮಂಗಡಿ ಗಲ್ಲಾಪೆಟ್ಟಿಗೆ ಹಿಂದೆ ಕೂತು. ಹೋದ ಸೆಮ್ ಎಕ್ಸಾಂ ಟೈಮಲ್ಲಿ ಅಪ್ಪನ ಕೈ ಮುರಿದಿತ್ತು. ಒಂದು ತಿಂಗಳು ಸಂಜೆ ಹೊತ್ತು ಅಂಗಡಿ ನನ್ನದು. ಮುಂದೆ ಕಾರ್ಪೊರೇಟ್ ಅಕೌಂಟಿಂಗ್ ಪುಸ್ತಕ ತೆರೆದಿತ್ತು, ಪುಸ್ತಕದ ಮಧ್ಯೆ ಫೋನ್. ಒಂದು ರೀಲ್‌ನಿಂದ ಇನ್ನೊಂದಕ್ಕೆ ಹೋಗಿ ಹೋಗಿ, ಅವಳ ಜಾತಕವೇ ನನಗೆ ಬಾಯಿಪಾಠ ಆಯ್ತು.

ಹುಟ್ಟಿದ್ದು 2004ರ ಏಪ್ರಿಲ್ 1ರಂದು, ಅಮೆರಿಕದ ಕೆಂಟಕಿಯಲ್ಲಿ. ಮರುವರ್ಷ ಹರಾಜಿನಲ್ಲಿ ಸಿಕ್ಕಿದ್ದು ಅರವತ್ತು ಸಾವಿರ ಡಾಲರ್‌ಗೆ. ಕೊಂಡವರು ಜೆರ್ರಿ ಮಾಸ್, ಸಂಗೀತದ ರೆಕಾರ್ಡ್ ಕಂಪನಿ ಕಟ್ಟಿದ ಮನುಷ್ಯ. ಅದಕ್ಕೇ ಅವಳಿಗೆ ಒಂದು ಆಲ್ಬಂನ ಹೆಸರು. ಎಷ್ಟೋ ಕುದುರೆಗಳು ಎರಡನೇ ವಯಸ್ಸಿಗೇ ಟ್ರ್ಯಾಕಿಗೆ ಇಳಿದಿರ್ತವೆ. ಟ್ರೈನರ್ ಜಾನ್ ಶಿರೆಫ್ಸ್ ಅವಸರ ಮಾಡಲಿಲ್ಲ. ಅವಳು ಮೊದಲ ರೇಸ್ ಓಡಿದ್ದು 2007ರ ನವೆಂಬರ್‌ನಲ್ಲಿ, ಮೂರು ವರ್ಷ ದಾಟಿದ ಮೇಲೆ. ಗೆದ್ದಳು. ಆಮೇಲೆ ಗೆಲ್ತಾನೇ ಹೋದಳು. ರೇಸ್‌ಗೆ ಮೊದಲು ಕಾಲೆತ್ತಿ ಕುಣಿಯೋಳು, ಗಿನ್ನೆಸ್ ಬಿಯರ್ ಕುಡಿಯೋಳು. ಒಟ್ಟು ಗಳಿಕೆ 73 ಲಕ್ಷ ಡಾಲರ್‌ಗಿಂತ ಜಾಸ್ತಿ. ಬಿಕಾಂ ಗೆಳೆಯರೇ, ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್ ನೀವೇ ಲೆಕ್ಕ ಹಾಕ್ಕೊಳ್ಳಿ.

ರೀಲ್‌ನಲ್ಲಿರೋದು 2009ರ ಬ್ರೀಡರ್ಸ್ ಕಪ್ ಕ್ಲಾಸಿಕ್, ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾದಲ್ಲಿ ನಡೆದಿದ್ದು. ಆ ರೇಸ್ ಗೆದ್ದ ಮೊದಲ ಹೆಣ್ಣು ಕುದುರೆ ಅವಳು. ರೀಲ್ ಅಲ್ಲಿಗೆ ಮುಗಿಯುತ್ತೆ. ನಾನೂ ಅಲ್ಲಿಗೇ ನಿಲ್ಲಿಸಿದ್ದೆ. ಲೇಟಾದ್ರೂ ಗೆಲ್ತೀನಿ ಅಂತ ಪುಸ್ತಕ ಮುಚ್ಚಿದ್ದೆ.

ರಿಸಲ್ಟ್ ಬಂತು. ಕಾರ್ಪೊರೇಟ್ ಅಕೌಂಟಿಂಗ್ ಹೋಗಿತ್ತು. ಮೊದಲನೇ ಸೆಮ್‌ನಿಂದ ನನ್ನನ್ನ "ಟಾಪರ್" ಅಂತ ಕೂಗೋ ನಿಮಗೆಲ್ಲ ಇದು ಇವತ್ತೇ ಗೊತ್ತಾಗ್ತಿರೋದು. ಮೂರು ದಿನ ಫೋನ್ ಆಫ್ ಮಾಡಿದ್ದು ನೆಟ್‌ವರ್ಕ್ ಪ್ರಾಬ್ಲಂ ಅಲ್ಲ.

ಅಪ್ಪ ಬೈಯಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಕೈ ನೋಡ್ಕೊಂಡು, "ನಂದೇ ತಪ್ಪು ಕಣೋ. ಎಕ್ಸಾಂ ಟೈಮಲ್ಲಿ ನಿನ್ನನ್ನ ಅಂಗಡೀಲಿ ಕೂರಿಸಬಾರದಿತ್ತು" ಅಂದ್ರು. ನಾನು ಸುಮ್ಮನಿದ್ದೆ. ಅಮ್ಮನೂ ಹೌದು ಅಂದ್ರು. ಆಗಲೂ ಸುಮ್ಮನಿದ್ದೆ.

ಆ ರಾತ್ರಿ ನಿದ್ದೆ ಬರದೆ ಝೆನ್ಯಾಟಾ ಕಥೆಯ ಉಳಿದ ಭಾಗ ನೋಡಿದೆ.

2010ರ ನವೆಂಬರ್ 6, ಕೆಂಟಕಿಯ ಚರ್ಚಿಲ್ ಡೌನ್ಸ್. ಹತ್ತೊಂಬತ್ತು ರೇಸ್, ಹತ್ತೊಂಬತ್ತು ಗೆಲುವು. ಇದು ಇಪ್ಪತ್ತನೆಯದು, ಕೊನೆಯದು. ಮತ್ತೆ ಅದೇ ಬ್ರೀಡರ್ಸ್ ಕಪ್ ಕ್ಲಾಸಿಕ್. ಶುರುವಿನಲ್ಲೇ ಅವಳು ತುಂಬಾ ಹಿಂದೆ ಬಿದ್ದಳು. ಯಾವತ್ತಿನ ಹಾಗೆ ಕೊನೆಗೆ ಎದ್ದು ಬಂದಳು, ಒಬ್ಬೊಬ್ಬರನ್ನೇ ದಾಟಿದಳು. ಮುಂದಿದ್ದಿದ್ದು ಬ್ಲೇಮ್ ಅನ್ನೋ ಕುದುರೆ ಒಂದೇ. ಒಂದು ತಲೆಯಷ್ಟು ಅಂತರದಲ್ಲಿ ಸೋತಳು. ಗೆರೆ ಇನ್ನೊಂಚೂರು ಮುಂದೆ ಇದ್ದಿದ್ರೆ ಗೆಲ್ತಿದ್ದಳೇನೋ ಅನ್ಸುತ್ತೆ. ಆದರೆ ಗೆರೆ ಇದ್ದಲ್ಲೇ ಇರುತ್ತೆ. ಲೇಟಾದ್ರೂ ಗೆಲ್ತೀಯ ಅನ್ನೋದು ಯಾವಾಗಲೂ ನಿಜ ಅಲ್ಲ.

ನನ್ನನ್ನ ಅಲ್ಲಾಡಿಸಿದ್ದು ಅದಲ್ಲ. ರೇಸ್ ಆದ್ಮೇಲೆ ಅವಳ ಜಾಕಿ ಮೈಕ್ ಸ್ಮಿತ್ ಪತ್ರಕರ್ತರ ಮುಂದೆ ಕೂತು ಅತ್ತರು. ಕುದುರೆಯದಲ್ಲ, ತಪ್ಪು ನನ್ನದು ಅಂದ್ರು. ದೇಶಕ್ಕೇ ಹೆಸರಾದ ಜಾಕಿ, ಎಲ್ಲರ ಮುಂದೆ, ಅಳ್ತಾ. ಅವರನ್ನ ನೋಡ್ತಾ ನಮ್ಮಪ್ಪನೇ ಕೂತ ಹಾಗೆ ಕಾಣಿಸ್ತು.

ಝೆನ್ಯಾಟಾಗೆ ಮಾತು ಬರಲ್ಲ. "ಇಲ್ಲ ಮೈಕ್, ನಾನೂ ಹಿಂದೆ ಬಿದ್ದೆ" ಅನ್ನೋಕೆ ಆಗಲ್ಲ. ನನಗೆ ಬಾಯಿ ಇತ್ತು.

ಇನ್ನೊಂದು ವಿಷಯ. ಸೋಲೇ ಇಲ್ಲದೆ ಓಡಿದ 2009ರಲ್ಲಿ ವರ್ಷದ ಕುದುರೆ ಪ್ರಶಸ್ತಿ ಅವಳಿಗೆ ಬರಲಿಲ್ಲ, ರೇಚಲ್ ಅಲೆಕ್ಸಾಂಡ್ರಾ ಅನ್ನೋ ಇನ್ನೊಂದು ಹೆಣ್ಣು ಕುದುರೆಗೆ ಹೋಯ್ತು. ಸೋತ 2010ರದ್ದು ಅವಳಿಗೇ ಬಂತು, ಅವಳನ್ನ ಸೋಲಿಸಿದ ಬ್ಲೇಮ್‌ಗಲ್ಲ. ಸೋತಿದ್ದಕ್ಕೆ ಕೊಟ್ಟಿದ್ದಲ್ಲ ಅದು. ಆ ಇಪ್ಪತ್ತೂ ಸಲ ಅವಳು ನಿಜವಾಗಿ ಓಡಿದ್ದಳು. ಒಂದು ತಲೆ ಅಂತರಕ್ಕೆ ಅದೆಲ್ಲ ಅಳಿಸಿ ಹೋಗಲಿಲ್ಲ. ನಾನು ಓಡಿಯೇ ಇರಲಿಲ್ಲ, ವ್ಯತ್ಯಾಸ ಅಷ್ಟೇ. ಪಕ್ಕದಲ್ಲಿ ಪುಸ್ತಕ ಇಟ್ಕೊಂಡು ಬೇರೆಯವರು ಓಡೋದನ್ನ ನೋಡ್ತಿದ್ದೆ.

ನಿನ್ನೆ ರಾತ್ರಿ ಅಂಗಡಿ ಮುಚ್ಚುವಾಗ ಅಪ್ಪನಿಗೆ ಹೇಳಿದೆ. "ಅಪ್ಪ, ಅಂಗಡಿಯಿಂದ ಅಲ್ಲ. ಫೋನ್ ನೋಡ್ತಾ ಕೂತಿದ್ದೆ. ತಿಂಗಳು ಪೂರ್ತಿ." ಅಪ್ಪ ಚಿಲ್ಲರೆ ಎಣಿಸ್ತಿದ್ರು. ಎಣಿಕೆ ತಪ್ಪಿತು ಅನ್ಸುತ್ತೆ, ಮತ್ತೆ ಮೊದಲಿಂದ ಶುರು ಮಾಡಿದ್ರು. ಮುಗಿದ ಮೇಲೆ, "ಬ್ಯಾಕ್ ಎಕ್ಸಾಂ ಯಾವಾಗ?" ಅಂತಷ್ಟೇ ಕೇಳಿದ್ರು. ಹೇಳಿದೆ. "ಹೂಂ, ಷಟರ್ ಎಳಿ" ಅಂದ್ರು.

ಮಾಫ್ ಆಯ್ತೋ ಇಲ್ವೋ ಗೊತ್ತಿಲ್ಲ. ಕೇಳೋಕೂ ಹೋಗಲಿಲ್ಲ.

ನಿಮ್ಮ ಸೋಲನ್ನ ಮನೇಲಿ ಯಾರಾದ್ರೂ ತಮ್ಮ ತಲೆ ಮೇಲೆ ಹೊತ್ಕೊಂಡಿದ್ದಾರಾ? ಕಾಮೆಂಟ್‌ನಲ್ಲಿ ಹೇಳಬೇಡಿ. ಅವರಿಗೇ ಹೋಗಿ ಹೇಳಿ.

ಕಾರ್ಪೊರೇಟ್ ಅಕೌಂಟಿಂಗ್ ನೋಟ್ಸ್ ಇದ್ದವರು ಮಾತ್ರ ಮೆಸೇಜ್ ಮಾಡಿ.